ಡೀಲರ್ ಅಂಗಡಿಯಲ್ಲೇ ಇಂಜಿನ್ ಬದಲಿಸಿ ಹೆಸರು ಮಾಡಿದ ಡಾನ್ ಯೆಂಕೊ: ಅವರು ಬರೆದ ಬಿಲ್ಲಿಗೂ ಇವತ್ತು ಬೆಲೆ

ಹಳೇ ಗಾಡಿ ಕೊಳ್ಳುವಾಗ ನಮ್ಮ ಕಡೆ ಮೊದಲು ಕೇಳೋದು ಒಂದೇ ಪ್ರಶ್ನೆ. ಇಂಜಿನ್ ಬಿಚ್ಚಿದ್ದಾರಾ? ಬಿಚ್ಚಿದ್ದಾರೆ ಅಂದ್ರೆ ರೇಟು ಇಳಿಯುತ್ತೆ. ಇಂಜಿನ್ನೇ ಬದಲಿಸಿದ್ದಾರೆ ಅಂದ್ರೆ ವ್ಯಾಪಾರವೇ ಮುರಿದು ಬೀಳುತ್ತೆ. ಆದರೆ ಅಮೆರಿಕದಲ್ಲಿ ಕೆಲವು ಹಳೇ ಷೆವರ್ಲೆ ಕಾರುಗಳ ಲೆಕ್ಕ ಉಲ್ಟಾ ಇದೆ. ಕಂಪನಿಯಿಂದ ಬಂದ ಇಂಜಿನ್ನೇ ಇದ್ದರೆ ಮಾಮೂಲಿ ಬೆಲೆ, ಒಬ್ಬ ಡೀಲರ್‌ನ ಅಂಗಡಿಯಲ್ಲಿ ಬದಲಿಸಿ ಕೂರಿಸಿದ ಇಂಜಿನ್ ಇದ್ದರೆ ಅದರ ಹಲವು ಪಟ್ಟು ಬೆಲೆ.

ಆ ಡೀಲರ್ ಹೆಸರು ಡಾನ್ ಯೆಂಕೊ. ಹಳೇ ಕಾರುಗಳ ಹುಚ್ಚು ಇರುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಅವರು ದೊಡ್ಡ ಕಂಪನಿಯ ಮಾಲೀಕರೂ ಅಲ್ಲ, ಕಾರ್ಖಾನೆ ಕಟ್ಟಿದವರೂ ಅಲ್ಲ. ಸಣ್ಣ ಊರಿನ ಷೋರೂಂ ನಡೆಸುತ್ತಿದ್ದ ವ್ಯಾಪಾರಿ. ಅದಕ್ಕೇ ಅವರ ಕಥೆ ನಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು.

ಗಣಿ ಸೀಮೆಯ ಹುಡುಗ

ಯೆಂಕೊ ಹುಟ್ಟಿದ್ದು 1927ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದ ಬೆಂಟ್ಲಿವಿಲ್‌ನಲ್ಲಿ. ಪಿಟ್ಸ್‌ಬರ್ಗ್ ಎಂಬ ಉಕ್ಕಿನ ನಗರದ ದಕ್ಷಿಣಕ್ಕಿರುವ ಕಲ್ಲಿದ್ದಲು ಗಣಿಗಳ ಸೀಮೆ ಅದು. ತಂದೆ ಫ್ರಾಂಕ್ ಯೆಂಕೊ ಷೆವರ್ಲೆ ಡೀಲರ್. ನಮ್ಮ ರಸ್ತೆಗಳಲ್ಲಿ ಇನ್ನೂ ಓಡಾಡುವ ತವೇರಾ, ಸ್ಪಾರ್ಕ್ ಗಾಡಿಗಳ ಮೂತಿಯ ಮೇಲೆ ಕಾಣುತ್ತಲ್ಲ, ಅದೇ ಷೆವರ್ಲೆ. 1949ರಲ್ಲಿ ಯೆಂಕೊ ಕುಟುಂಬ ಹತ್ತಿರದ ಕ್ಯಾನನ್ಸ್‌ಬರ್ಗ್ ಪಟ್ಟಣದಲ್ಲಿ ಇನ್ನೊಂದು ಷೋರೂಂ ತೆರೆಯಿತು. ಆಗ ಆ ಊರಿನ ಜನಸಂಖ್ಯೆ ಹನ್ನೆರಡು ಸಾವಿರದ ಆಸುಪಾಸು ಇತ್ತು, ಅಷ್ಟೇ.

ಹುಡುಗನಿಗೆ ಚಿಕ್ಕಂದಿನಿಂದ ಯಂತ್ರಗಳ ಮೇಲೆ ಆಸೆ. ಹದಿಹರೆಯದಲ್ಲೇ ವಿಮಾನ ಹಾರಿಸೋದು ಕಲಿತರು. ವಾಯುಪಡೆಯಲ್ಲಿ ಕೆಲಸ ಮಾಡಿ ಬಂದು, ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿ, ಕೊನೆಗೆ ಅಪ್ಪನ ಅಂಗಡಿಗೇ ವಾಪಸ್ಸಾದರು.

ಕಾರ್ ರೇಸಿಗೆ ಇಳಿದಾಗ ಅವರಿಗೆ ಮೂವತ್ತರ ಹತ್ತಿರ ವಯಸ್ಸು. ಓಡಿಸಿದ್ದು ಷೆವರ್ಲೆ ಕಾರ್ವೆಟ್. 1962 ಮತ್ತು 1963ರಲ್ಲಿ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್‌ನ ಬಿ ಪ್ರೊಡಕ್ಷನ್ ವಿಭಾಗದಲ್ಲಿ ಸತತ ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಆದರು. ಭಾನುವಾರ ರೇಸ್ ಗೆದ್ದು ಸೋಮವಾರ ಅಂಗಡಿ ಬಾಗಿಲು ತೆಗೆಯುವ ಡೀಲರ್ ಹತ್ತಿರ ಗಿರಾಕಿಗಳು ಬರೀ ಕಾರು ಕೇಳುತ್ತಿರಲಿಲ್ಲ, ತಮ್ಮ ಕಾರು ಜೋರಾಗಿ ಓಡಬೇಕು ಅಂದ್ರೆ ಏನು ಮಾಡಬೇಕು ಅಂತಲೂ ಕೇಳುತ್ತಿದ್ದರು. ಹೀಗೆ ಷೋರೂಂ ಜೊತೆಗೇ ರೇಸ್ ಗಾಡಿಗಳ ಗ್ಯಾರೇಜೂ ಬೆಳೆಯಿತು.

ಒಂದೇ ಆರ್ಡರ್‌ಗೆ ನೂರು ಕಾರು

1965ರ ಹೊತ್ತಿಗೆ ಫೋರ್ಡ್ ಮಸ್ಟಾಂಗ್ ಬಂದಿತ್ತು. ಕ್ಯಾರೊಲ್ ಶೆಲ್ಬಿ ತಯಾರು ಮಾಡಿದ ಮಸ್ಟಾಂಗ್‌ಗಳು ರೇಸ್ ಟ್ರ್ಯಾಕ್‌ನಲ್ಲಿ ಕಾರ್ವೆಟ್‌ಗೆ ನೀರು ಕುಡಿಸುತ್ತಿದ್ದವು. ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ರೇಸಿಗೆ ನೇರವಾಗಿ ಬೆಂಬಲ ಕೊಡುವುದಿಲ್ಲ ಅಂತ ಕೈಕಟ್ಟಿ ಕೂತಿತ್ತು.

ಯೆಂಕೊ ಆರಿಸಿಕೊಂಡದ್ದು ಯಾರೂ ಊಹಿಸದ ಕಾರು. ಹಿಂದುಗಡೆ ಇಂಜಿನ್ ಇರುವ, ಗಾಳಿಯಿಂದ ತಂಪಾಗುವ ಆರು ಸಿಲಿಂಡರ್‌ನ ಷೆವರ್ಲೆ ಕಾರ್ವೇರ್. ಅದರ ಸುರಕ್ಷತೆಯನ್ನು ತರಾಟೆಗೆ ತೆಗೆದುಕೊಂಡ ರಾಲ್ಫ್ ನೇಡರ್ ಅವರ ಪುಸ್ತಕ ಬಂದದ್ದೂ 1965ರ ಕೊನೆಯಲ್ಲೇ. ರೇಸಿಗೆ ಒಪ್ಪಿಗೆ ಸಿಗಬೇಕಾದರೆ ಹಿಂದಿನ ಸೀಟು ತೆಗೆಯಬೇಕು, ನೂರು ಕಾರು ತಯಾರಾಗಿರಬೇಕು ಅನ್ನೋದು ಕ್ಲಬ್ಬಿನ ನಿಯಮ. ಯೆಂಕೊ ನೂರು ಕಾರನ್ನೂ ಒಟ್ಟಿಗೇ ಆರ್ಡರ್ ಮಾಡಿದರು. ಬಿಳಿ ಬಣ್ಣ, ನೀಲಿ ಪಟ್ಟೆ. ಕೆಲವೇ ವಾರಗಳಲ್ಲಿ ಅಂಗಡಿಯ ಹುಡುಗರು ಹಗಲೂ ರಾತ್ರಿ ಕೂತು ಕೆಲಸ ಮುಗಿಸಿದರು. ಯೆಂಕೊ ಸ್ಟಿಂಗರ್ ಅನ್ನೋ ಹೆಸರಲ್ಲಿ ಅವು ಮಾರಾಟಕ್ಕೆ ಬಂದವು. 1967ರಲ್ಲಿ ಸ್ಟಿಂಗರ್ ಒಂದು ಡಿ ಪ್ರೊಡಕ್ಷನ್ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.

ವ್ಯಾಪಾರ ಮಾಡುವವರಿಗೆ ಇದರ ಬಿಸಿ ಗೊತ್ತಾಗುತ್ತೆ. ಸಣ್ಣ ಊರಿನ ಅಂಗಡಿಯವರು ನೂರು ಕಾರಿನ ಮೇಲೆ ದುಡ್ಡು ಹಾಕಿದ್ದರು. ಮಾರಾಟ ಆಗದಿದ್ದರೆ ಅಪ್ಪನ ಕಾಲದ ಅಂಗಡಿಯೇ ಮುಳುಗುತ್ತಿತ್ತು.

ಕಮಾರೊಗೆ ದೊಡ್ಡ ಇಂಜಿನ್

ಮಧ್ಯಮ ಗಾತ್ರದ ಬಾಡಿಗೆ ದೊಡ್ಡ ಗಾಡಿಯ ಇಂಜಿನ್ ಕೂರಿಸಿದ ಕಾರಿಗೆ ಅಮೆರಿಕದಲ್ಲಿ ಮಸಲ್ ಕಾರ್ ಅಂತಾರೆ. 1964ರ ಪಾಂಟಿಯಾಕ್ ಜಿಟಿಒ ಬಂದ ಮೇಲೆ ಅವುಗಳ ಹುಚ್ಚು ಎಲ್ಲೆಡೆ ಹಬ್ಬಿತು. ಆದರೆ ಜನರಲ್ ಮೋಟಾರ್ಸ್‌ನಲ್ಲಿ ಒಂದು ಒಳನಿಯಮ ಇತ್ತು. ಮಧ್ಯಮ ಮತ್ತು ಸಣ್ಣ ಕಾರುಗಳಿಗೆ 400 ಘನ ಇಂಚಿಗಿಂತ, ಅಂದ್ರೆ ಸುಮಾರು 6.5 ಲೀಟರಿಗಿಂತ ದೊಡ್ಡ ಇಂಜಿನ್ ಹಾಕುವಂತಿಲ್ಲ.

ಷೆವರ್ಲೆ ಕಮಾರೊ ಬಂದಿದ್ದು 1967ರ ಮಾಡೆಲ್ ಆಗಿ. ಅದರಲ್ಲಿ ಸಿಗುತ್ತಿದ್ದ ಅತಿ ದೊಡ್ಡ ಇಂಜಿನ್ 396 ಘನ ಇಂಚು. ಕಾರ್ವೆಟ್‌ನಲ್ಲಾದರೆ 427 ಘನ ಇಂಚಿನ, ಅಂದ್ರೆ 7 ಲೀಟರಿನ ಇಂಜಿನ್ ಇತ್ತು. ಎರಡೂ ಒಂದೇ ಕುಟುಂಬದ ಇಂಜಿನ್. ಹೊರಗಡೆ ಅಳತೆ ಒಂದೇ, ಸ್ಟ್ರೋಕ್ ಕೂಡ ಒಂದೇ. ಬೋರ್ ಮಾತ್ರ 104 ಮಿಲಿಮೀಟರ್ ಇದ್ದದ್ದು 108 ಆಗಿತ್ತು. ನಿಯಮ ಕಂಪನಿಗೆ, ಡೀಲರ್‌ಗಲ್ಲವಲ್ಲ?

ಯೆಂಕೊ ಅಂಗಡಿಯವರು 396 ಇಂಜಿನ್ನಿನ ಹೊಸ ಕಮಾರೊ ತರಿಸಿಕೊಂಡರು. ಹೆಡ್, ಕಾರ್ಬುರೇಟರ್ ಬಿಚ್ಚಿಟ್ಟು, ಕೆಳಗಿನ ಬ್ಲಾಕ್ ತೆಗೆದು, ಆ ಜಾಗದಲ್ಲಿ 427ರ ಬ್ಲಾಕ್ ಕೂರಿಸಿ, ಬಿಚ್ಚಿಟ್ಟ ಸಾಮಾನು ಮತ್ತೆ ಜೋಡಿಸಿದರು. ಡ್ರ್ಯಾಗ್ ರೇಸರ್ ಡಿಕ್ ಹ್ಯಾರೆಲ್ ಕೂಡ ಈ ಕೆಲಸದಲ್ಲಿ ಕೈಜೋಡಿಸಿದರು. ಬಾನೆಟ್ ಮುಚ್ಚಿದರೆ ಬದಲಾಗಿದ್ದು ಏನು ಅಂತ ಗೊತ್ತೇ ಆಗುತ್ತಿರಲಿಲ್ಲ. ಆಕ್ಸಿಲರೇಟರ್ ಒತ್ತಿದವರಿಗೆ ಗೊತ್ತಾಗುತ್ತಿತ್ತು. ಅಂಗಡಿ ಹೇಳಿಕೊಂಡ ಶಕ್ತಿ 450 ಅಶ್ವಶಕ್ತಿ.

ಮೊದಲ ವರ್ಷ ತಯಾರಾದದ್ದು ಐವತ್ತು ಚಿಲ್ಲರೆ, ಮರುವರ್ಷ ಅರವತ್ತು ಚಿಲ್ಲರೆ. ಒಂದೊಂದು ಕಾರಿಗೂ ಇಂಜಿನ್ ಇಳಿಸಿ ಏರಿಸೋದು ಅಂದ್ರೆ ಕೂಲಿ ಖರ್ಚು ಜಾಸ್ತಿ. ಮೇಲಾಗಿ ಬೇರೆ ಇಂಜಿನ್ ಹಾಕಿದ ಗಾಡಿಗೆ ಕಂಪನಿಯ ವಾರಂಟಿಯ ತಲೆನೋವು ಬೇರೆ.

ಟ್ಯಾಕ್ಸಿಗಿದ್ದ ದಾರಿ ರೇಸಿಗೂ ಆಯ್ತು

ಷೆವರ್ಲೆಯಲ್ಲಿ ಕೋಪೊ ಅನ್ನೋ ಒಂದು ಆರ್ಡರ್ ವ್ಯವಸ್ಥೆ ಇತ್ತು. ಕೇಂದ್ರ ಕಚೇರಿಯಿಂದ ವಿಶೇಷ ಒಪ್ಪಿಗೆ ಪಡೆದು, ಪಟ್ಟಿಯಲ್ಲಿಲ್ಲದ ಸಾಮಾನು ಹಾಕಿಸಿಕೊಳ್ಳೋದು. ಟ್ಯಾಕ್ಸಿ ಕಂಪನಿಗಳು, ಪೊಲೀಸ್ ಇಲಾಖೆಗಳಂಥ ಸಗಟು ಗಿರಾಕಿಗಳಿಗೆ ಬೇಕಾದ ಬಣ್ಣ, ಗಟ್ಟಿ ಬಿಡಿಭಾಗ ಕೊಡೋದಕ್ಕೆ ಮಾಡಿದ್ದ ದಾರಿ ಅದು. ಸ್ಟಿಂಗರ್ ಕಾರುಗಳನ್ನು ಯೆಂಕೊ ಇದೇ ದಾರಿಯಲ್ಲಿ ತರಿಸಿದ್ದರು.

1969ರ ಮಾಡೆಲ್‌ಗೆ ಅವರು ಇದನ್ನೇ ಬಳಸಿ 427 ಇಂಜಿನ್ನನ್ನು ಕಾರ್ಖಾನೆಯಲ್ಲೇ ಕಮಾರೊಗೆ ಕೂರಿಸುವ ವ್ಯವಸ್ಥೆ ಮಾಡಿಸಿಕೊಂಡರು. ಇಂಜಿನ್ನಿಗೆ ಒಂದು ಕೋಪೊ ನಂಬರ್, 140 ಮೈಲಿಯ ಸ್ಪೀಡೋಮೀಟರ್ ಮತ್ತು 15 ಇಂಚಿನ ಚಕ್ರಕ್ಕೆ ಇನ್ನೊಂದು. ಈಗ ವಾರಂಟಿಯೂ ಕಂಪನಿಯದ್ದೇ. ಅಂಗಡಿಯಲ್ಲಿ ಉಳಿದ ಕೆಲಸ ಪಟ್ಟೆ, ಬ್ಯಾಡ್ಜ್, ಯೆಂಕೊ ಸೂಪರ್ ಕಾರ್ ಅನ್ನೋದರ ಮೂರಕ್ಷರದ ಗುರುತು ಹಾಕೋದು. ಆ ವರ್ಷ ಸುಮಾರು 200 ಯೆಂಕೊ ಕಮಾರೊ ಹೊರಬಂದವು. ಬೆಲೆ ನಾಲ್ಕು ಸಾವಿರ ಡಾಲರಿನ ಮೇಲೆ. ಶೆವೆಲ್ ಅನ್ನೋ ಮಾಡೆಲ್‌ಗೂ ಹೀಗೇ ಮಾಡಿದರು. ಕಂಪನಿ ಒಲ್ಲೆ ಅಂದ ಕೆಲಸವನ್ನು ಕಂಪನಿಯ ಕೈಯಿಂದಲೇ ಮಾಡಿಸಿದ ಡೀಲರ್ ಇವರು.

ವೇಗಕ್ಕೂ ಒಂದು ಮಿತಿ

ಎಲ್ಲವೂ ಸರಿಯಾಗೇ ಆಯ್ತು ಅಂತಲ್ಲ. 1969ರಲ್ಲಿ ಇದೇ ಇಂಜಿನ್ನನ್ನು ನೋವಾ ಅನ್ನೋ ಇನ್ನೂ ಹಗುರ ಕಾರಿಗೆ ಹಾಕಿದರು. ನಲವತ್ತರ ಒಳಗೆ ತಯಾರಾದವು. ಆ ಕಾರು ಪ್ರಾಣಕ್ಕೇ ಅಪಾಯ ಅನ್ನುವಷ್ಟು ಜೋರಾಗಿತ್ತು ಅಂತ ಮುಂದೆ ಯೆಂಕೊ ಅವರೇ ಒಪ್ಪಿಕೊಂಡರು.

ಇನ್ನೊಂದು ಕಡೆಯಿಂದ ವಿಮಾ ಕಂಪನಿಗಳು ಎಚ್ಚೆತ್ತವು. ಇಪ್ಪತ್ತರ ಹರೆಯದ ಹುಡುಗರು ದೊಡ್ಡ ಇಂಜಿನ್ನಿನ ಗಾಡಿ ಕೊಂಡರೆ ಇನ್ಶೂರೆನ್ಸ್ ಕಂತು ಕಟ್ಟಲಾರದಷ್ಟು ಏರಿತು. ಯೆಂಕೊ 1970ರಲ್ಲಿ 350 ಘನ ಇಂಚಿನ ಇಂಜಿನ್ನಿನ ನೋವಾ ತಂದರು. ವಿಮಾ ಕಂಪನಿಯ ಲೆಕ್ಕದಲ್ಲಿ ಅದು ಮಾಮೂಲಿ ಅಳತೆಯ ಇಂಜಿನ್. ಆದರೆ ಕಾರ್ವೆಟ್‌ಗೆ, ಹೊಸ ಕಮಾರೊಗೆ ಹಾಕುತ್ತಿದ್ದ ಜೋರಿನ ತಳಿ. ಮುಂದೆ ವೇಗಾ ಅನ್ನೋ ಸಣ್ಣ ಕಾರಿಗೆ ಟರ್ಬೊ ಹಾಕಿ ಮಾರಲು ಹೊರಟಾಗ ಸರ್ಕಾರದ ಹೊಗೆ ನಿಯಮ ಅಡ್ಡ ಬಂತು. 50,000 ಮೈಲಿ ಓಡಿಸಿ ಪರೀಕ್ಷೆ ಕೊಡಿ ಅಂದರು. ಒಬ್ಬ ಡೀಲರ್‌ಗೆ ಅದು ಆಗೋ ಮಾತಲ್ಲ. ಮಸಲ್ ಕಾರುಗಳ ಕಾಲವೇ ಮುಗಿಯುತ್ತಾ ಬಂತು.

1980ರ ದಶಕದ ಆರಂಭದಲ್ಲಿ ಯೆಂಕೊ ಡೀಲರ್‌ಶಿಪ್ ಮಾರಿದರು. 1987ರ ಮಾರ್ಚ್ 5ರಂದು ತಮ್ಮ ಸೆಸ್ನಾ ವಿಮಾನವನ್ನು ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್ ಬಳಿ ಇಳಿಸುವಾಗ ಅಪಘಾತವಾಗಿ, ಜೊತೆಗಿದ್ದ ಮೂವರೊಂದಿಗೆ ತೀರಿಕೊಂಡರು. ಆಗ ಅವರಿಗೆ 59 ವರ್ಷ.

ರಿಪೇರಿ ಮಾಡುವವರಿಗೆ ಈಗಿನ ಸವಾಲು

ಅಂದು ನಾಲ್ಕು ಸಾವಿರ ಡಾಲರಿನ ಕಾರು ಇವತ್ತು ಹರಾಜಿನಲ್ಲಿ ಲಕ್ಷಗಟ್ಟಲೆ ಡಾಲರಿಗೆ ಹೋಗುತ್ತೆ. ಹಾಗಾಗಿ ಶೆಡ್ಡಿನಲ್ಲಿ ತುಕ್ಕು ಹಿಡಿದಿದ್ದನ್ನೂ ಹುಡುಕಿ ತಂದು ಮತ್ತೆ ಹೊಸದು ಮಾಡುತ್ತಾರೆ. ನಮ್ಮ ಗ್ಯಾರೇಜಿನವರು ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ.

ಸಾಮಾನ್ಯವಾಗಿ ಹಳೇ ಕಾರು ಅಸಲಿ ಅನ್ನಬೇಕಾದರೆ ಬಾಡಿ ನಂಬರಿಗೂ ಇಂಜಿನ್ ನಂಬರಿಗೂ ತಾಳೆ ಆಗಬೇಕು. 1969ರ ಯೆಂಕೊ ಕಮಾರೊ ಈ ನಿಯಮಕ್ಕೆ ಒಳಪಡುತ್ತೆ, ಯಾಕಂದ್ರೆ ಇಂಜಿನ್ ಕೂರಿಸಿದ್ದು ಕಾರ್ಖಾನೆಯವರು. ಆದರೆ 1967 ಮತ್ತು 1968ರ ಕಾರಿಗೆ ಇಂಜಿನ್ ಕೂರಿಸಿದ್ದು ಅಂಗಡಿಯವರು. ಅಲ್ಲಿ ನಂಬರ್ ತಾಳೆ ಆದರೇ ಅನುಮಾನ! ಒಂದೇ ಹೆಸರಿನ ಕಾರು, ಎರಡು ತದ್ವಿರುದ್ಧ ಲೆಕ್ಕ. ಬ್ಲಾಕ್ ಎರಕ ಹೊಯ್ದ ತಾರೀಖನ್ನು ಅದರ ಮೇಲಿನ ಗುರುತಿನಿಂದ ಓದಿ, ಕಾರು ಮಾರಾಟವಾದ ದಿನಕ್ಕಿಂತ ಅದು ಹಿಂದಿನದಾ ಅಂತಲೂ ನೋಡುತ್ತಾರೆ.

ಮಾಮೂಲಿ ಕಮಾರೊಗೆ ಪಟ್ಟೆ, ಸ್ಟಿಕ್ಕರ್ ಅಂಟಿಸಿ ಯೆಂಕೊ ಅಂತ ಮಾರುವವರೂ ಇದ್ದಾರೆ. ಆ ಸ್ಟಿಕ್ಕರ್ ಈಗ ಹೊಸದಾಗಿಯೇ ಸಿಗುತ್ತೆ. ಸಿಗದೇ ಇರೋದು ಅಂಗಡಿಯ ಹಳೇ ಬಿಲ್ಲು, ಕಾರಿನ ಜೊತೆ ಕೊಡುತ್ತಿದ್ದ ವಾರಂಟಿಯ ತಗಡಿನ ಫಲಕ. ಬೆಲೆ ನಿಂತಿರೋದು ಅದರ ಮೇಲೆ.

ಇನ್ನು ಅಪ್‌ಗ್ರೇಡ್ ವಿಚಾರ. ಈ 427 ಇಂಜಿನ್ನಿನ ಕಂಪ್ರೆಷನ್ ಸುಮಾರು 11ಕ್ಕೆ 1. ಸೀಸ ಬೆರೆಸಿದ ಜೋರಿನ ಪೆಟ್ರೋಲ್ ಸಿಗುತ್ತಿದ್ದ ಕಾಲದ್ದು. ಇವತ್ತಿನ ಸೀಸವಿಲ್ಲದ ಪೆಟ್ರೋಲ್‌ನಲ್ಲಿ ಜೋರಾಗಿ ಓಡಿಸಿದರೆ ಹಳೇ ವಾಲ್ವ್ ಸೀಟು ಬೇಗ ಸವೆಯುತ್ತೆ. ಅದಕ್ಕೆ ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ಸೀಟು ಹಾಕಿಸುತ್ತಾರೆ. ಟ್ಯಾಪೆಟ್ ಕೂಡ ಆಗಾಗ ಕೈಯಿಂದಲೇ ಸೆಟ್ ಮಾಡಬೇಕಾದ ಮಾದರಿ. ರೋಡಲ್ಲಿ ಓಡಿಸುವವರು ಹಳೇ ಮಾದರಿ ಟೈರ್ ಬಿಟ್ಟು ರೇಡಿಯಲ್ ಹಾಕುತ್ತಾರೆ, ಬ್ರೇಕ್ ಸುಧಾರಿಸುತ್ತಾರೆ. ತಿಳಿದ ಮೇಸ್ತ್ರಿಗಳು ಮಾತ್ರ ಬಾಡಿಗೆ ಹೊಸ ತೂತು ಕೊರೆಯೋದಿಲ್ಲ. ಬಿಚ್ಚಿದ ಸಾಮಾನು ಎಸೆಯೋದೂ ಇಲ್ಲ, ಚೀಟಿ ಬರೆದು ಡಬ್ಬಿಯಲ್ಲಿ ಕಟ್ಟಿಡುತ್ತಾರೆ. ಮುಂದೆ ಬರುವ ಮಾಲೀಕನಿಗೆ ಹಿಂದಿನ ರೂಪ ಬೇಕಾದರೆ ಅದು ಸಿಗಬೇಕು ಅನ್ನೋದು ಅವರ ಲೆಕ್ಕ.

ಯೆಂಕೊ ಕಥೆ ಓದಿ ನಮ್ಮ ಹುಡುಗರು ನಾಳೆಯೇ ಗಾಡಿ ಇಂಜಿನ್ ಬದಲಿಸಲು ಹೋಗಬೇಡಿ. ನಮ್ಮಲ್ಲಿ ಇಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಅದು ದಾಖಲಾಗಬೇಕು. ಇಲ್ಲದಿದ್ದರೆ ದಂಡದ ಜೊತೆಗೆ, ಅಪಘಾತವಾದಾಗ ವಿಮೆಗೂ ತೊಂದರೆ.

ಆದರೆ ಅಂಗಡಿ ಇಟ್ಟವರು ಅವರಿಂದ ಕಲಿಯಬಹುದಾದದ್ದು ಇದೆ. ಯೆಂಕೊ ಮಾಡಿದ ಬದಲಾವಣೆಯನ್ನು ಮುಚ್ಚಿಡಲಿಲ್ಲ, ತಮ್ಮ ಹೆಸರು ಹಾಕಿ, ಬಿಲ್ ಬರೆದು ಮಾರಿದರು. ಅಂಗಡಿ ಕೈಬದಲಾಯ್ತು, ಯೆಂಕೊ ಹೋದರು. ಹೊಸ ಕಮಾರೊಗಳಿಗೂ ಅವರ ಹೆಸರು ಹಾಕಿ ಮಾರಿದ ಕಂಪನಿ ಅಮೆರಿಕದಲ್ಲಿ ಇದೆ. ಮತ್ತೆ, ತುಕ್ಕು ಹಿಡಿದ ಒಂದು ಹಳೇ ಕಮಾರೊ ಎಲ್ಲೋ ಸಿಕ್ಕಾಗ ಕೊಳ್ಳುವವರು ಬಾನೆಟ್ ಎತ್ತುವುದಕ್ಕಿಂತ ಮೊದಲು ಇವತ್ತಿಗೂ ಕೇಳುವುದು, ಕ್ಯಾನನ್ಸ್‌ಬರ್ಗ್‌ನ ಆ ಅಂಗಡಿಯ ಬಿಲ್ ಇದೆಯಾ ಅಂತ.