ಓಣಿಯ ನುಡಿಯನ್ನು ಲೋಕಕ್ಕೆ ಕೇಳಿಸಿದ ಗಾಯಕ: ಬಾಬ್ ಮಾರ್ಲಿ

ಜಡೆಗಟ್ಟಿದ ನೀಳ ಕೂದಲಿನ ಗಾಯಕರೊಬ್ಬರ ಚಿತ್ರವನ್ನು ಯುವಕರ ಅಂಗಿಗಳ ಮೇಲೆ ನಮ್ಮ ಓದುಗರು ಕಂಡಿರಬಹುದು. ಅಂತಹ ಅಂಗಿ ತೊಟ್ಟಿದ್ದ ನಮ್ಮ ವಿದ್ಯಾರ್ಥಿಯೊಬ್ಬನನ್ನು ಇವರು ಯಾರೆಂದು ವಿಚಾರಿಸಿದಾಗ, ಯಾವುದೋ ಚಲನಚಿತ್ರದ ನಟನಿರಬೇಕೆಂದು ಆತ ಉತ್ತರಿಸಿದ. ಆ ಮುಖದ ಹಿಂದಿನ ಜೀವನವನ್ನು ಶತಮಾನೋತ್ಸವದ ಈ ಸಂಚಿಕೆಯಲ್ಲಿ ಪರಿಚಯಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಕೆರಿಬಿಯನ್ ಸಮುದ್ರದ ಜಮೈಕಾ ಒಂದು ಸಣ್ಣ ದ್ವೀಪ. ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿಯಲು ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ಹಿಡಿದು ತಂದರು. ಗುಲಾಮಗಿರಿ ಕೊನೆಗೊಂಡ ಮೇಲೆ, 1845ರಿಂದ, ಭಾರತದ ಕೂಲಿಕಾರರನ್ನೂ ಹಡಗುಗಳಲ್ಲಿ ಅಲ್ಲಿಗೆ ಸಾಗಿಸಿದರು. ಇಂತಹ ನಾಡಿನ ನೈನ್ ಮೈಲ್ ಎಂಬ ಹಳ್ಳಿಯಲ್ಲಿ 1945ರ ಫೆಬ್ರುವರಿ 6ರಂದು ಮಾರ್ಲಿ ಜನಿಸಿದರು. ತಾಯಿ ಸೆಡೆಲ್ಲಾ ಕಪ್ಪು ವರ್ಣದ ಹಳ್ಳಿಯ ಯುವತಿ. ತಂದೆ ನಾರ್ವಲ್ ಮಾರ್ಲಿ ವಯಸ್ಸಾದ ಬಿಳಿಯರು. ತಂದೆಯ ಆಸರೆ ಮಗನಿಗೆ ದೊರೆಯಲಿಲ್ಲ. 1955ರಲ್ಲಿ ಅವರು ತೀರಿಕೊಂಡರು. ಎರಡು ವರ್ಣಗಳ ನಡುವೆ ಹುಟ್ಟಿದ ಬಾಲಕ ಎರಡೂ ಕಡೆಯವರ ಹಾಸ್ಯಕ್ಕೆ ಗುರಿಯಾದ.

ಹೊಟ್ಟೆಪಾಡಿಗಾಗಿ ತಾಯಿ ಮಗನೊಡನೆ ರಾಜಧಾನಿ ಕಿಂಗ್‌ಸ್ಟನ್ ಸೇರಿದರು. ಟ್ರೆಂಚ್‌ಟೌನ್ ಎಂಬ ಬಡವರ ಕೇರಿ ಅವರ ನೆಲೆಯಾಯಿತು. ಮಾರ್ಲಿ ಶಾಲೆ ಬಿಟ್ಟು ವೆಲ್ಡಿಂಗ್ ಕೆಲಸ ಕಲಿಯತೊಡಗಿದರು. ಒಮ್ಮೆ ಲೋಹದ ಚೂರೊಂದು ಕಣ್ಣಿಗೆ ಸಿಡಿದ ಬಳಿಕ ಆ ಕಸುಬನ್ನು ತೊರೆದು ಸಂಗೀತಕ್ಕೆ ಒಲಿದರು. ಅದೇ ಕೇರಿಯ ಗಾಯಕ ಜೋ ಹಿಗ್ಸ್ ಹುಡುಗರನ್ನು ಕೂರಿಸಿಕೊಂಡು ಉಚಿತವಾಗಿ ಹಾಡುಗಾರಿಕೆ ಕಲಿಸುತ್ತಿದ್ದರು. ಕಟ್ಟಡವಿಲ್ಲದ, ಹಾಜರಿ ಪುಸ್ತಕವಿಲ್ಲದ ಆ ಶಾಲೆಯನ್ನು ಶಿಕ್ಷಕರಾದ ನಾವು ಗೌರವದಿಂದ ನೆನೆಯಬೇಕು. ಅಲ್ಲಿ ಪಳಗಿದ ಮಾರ್ಲಿ, ಪೀಟರ್ ಟಾಶ್ ಮತ್ತು ಬನ್ನಿ ವೇಲರ್ ಮೊದಲಾದವರು 1963ರಲ್ಲಿ ವೇಲರ್ಸ್ ತಂಡವನ್ನು ಕಟ್ಟಿದರು.

1960ರ ದಶಕದ ಕೊನೆಗೆ ಜಮೈಕಾದಲ್ಲಿ ರೆಗ್ಗೆ ಎಂಬ ಸಂಗೀತ ರೂಪುಗೊಂಡಿತು. ಇದರ ತಾಳದಲ್ಲಿ ಗಿಟಾರ್ ಪೆಟ್ಟಿನ ಮೇಲೆ ಮಿಡಿಯದೆ ಎರಡು ಪೆಟ್ಟುಗಳ ನಡುವಿನ ಎಡೆಯಲ್ಲಿ ಮಿಡಿಯುತ್ತದೆ. ತಗ್ಗು ಸ್ವರದ ಬೇಸ್ ವಾದ್ಯ ಹಾಡನ್ನು ಮುನ್ನಡೆಸುತ್ತದೆ. ಮಾರ್ಲಿಯವರ ಹಾಡುಗಳಲ್ಲಿ ಇಂಗ್ಲಿಷಿನೊಡನೆ ಪಟ್ವಾ ಎಂಬ ಜಮೈಕಾದ ಆಡುಮಾತೂ ಬೆರೆತಿತ್ತು. ಕೆಟ್ಟ ಇಂಗ್ಲಿಷ್ ಎಂದು ವಿದ್ಯಾವಂತರು ಮೂಗುಮುರಿಯುತ್ತಿದ್ದ ಮಾತು ಅದು. 1973ರಲ್ಲಿ ಲಂಡನ್ನಿನ ಸಂಸ್ಥೆಯೊಂದು ಅವರ ತಂಡದ ಹಾಡುಗಳನ್ನು ಲೋಕಕ್ಕೆ ತಲುಪಿಸಿದಾಗ, ಆ ಮಾತನ್ನು ಅರಿಯದವರೂ ಕಿವಿಗೊಟ್ಟು ಆಲಿಸಿದರು.

ಕೀರ್ತಿಯೊಡನೆ ಅಪಾಯವೂ ಬಂದಿತು. ರಾಜಕೀಯ ಪಕ್ಷಗಳ ಕಲಹದಿಂದ ಜಮೈಕಾ ರಕ್ತಸಿಕ್ತವಾಗಿದ್ದ ಕಾಲವದು. 1976ರ ಡಿಸೆಂಬರ್ 3ರಂದು ಬಂದೂಕುಧಾರಿಗಳು ಮಾರ್ಲಿಯವರ ಮನೆಗೆ ನುಗ್ಗಿ ಗುಂಡು ಹಾರಿಸಿದರು. ಅವರಿಗೂ ಪತ್ನಿ ರೀಟಾ ಅವರಿಗೂ ಗಾಯಗಳಾದವು. ಆದರೂ ಎರಡೇ ದಿನಗಳಲ್ಲಿ ಅವರು ವೇದಿಕೆಯೇರಿ ಜನಸಾಗರದ ಮುಂದೆ ಹಾಡಿದರು. 1978ರ ಏಪ್ರಿಲಿನ ಶಾಂತಿ ಕಛೇರಿಯಲ್ಲಿ ಬದ್ಧ ವಿರೋಧಿಗಳಾದ ಮೈಕಲ್ ಮ್ಯಾನ್ಲಿ ಮತ್ತು ಎಡ್ವರ್ಡ್ ಸೀಗಾ ಅವರನ್ನು ವೇದಿಕೆಗೆ ಕರೆದು ಇಬ್ಬರ ಕೈಗಳನ್ನೂ ಜೋಡಿಸಿ ಎತ್ತಿಹಿಡಿದರು. ಕಲಹ ಅಂದೇ ಅಡಗಲಿಲ್ಲ. ಆದರೆ ಆ ದೃಶ್ಯ ಜನರ ಮನಸ್ಸಿನಲ್ಲಿ ಉಳಿಯಿತು. 1980ರಲ್ಲಿ ಜಿಂಬಾಬ್ವೆ ಸ್ವತಂತ್ರವಾದ ರಾತ್ರಿ, ಸ್ವಂತ ಖರ್ಚಿನಲ್ಲಿ ವಾದ್ಯ ಸಲಕರಣೆಗಳನ್ನು ಸಾಗಿಸಿ, ಪೂರ್ವಜರ ಖಂಡದಲ್ಲಿ ಹಾಡಿದರು.

ಅದಾಗಲೇ ಕಾಲ್ಬೆರಳಿನಲ್ಲಿ ಕಾಣಿಸಿಕೊಂಡಿದ್ದ ಕ್ಯಾನ್ಸರ್ ದೇಹವನ್ನೆಲ್ಲ ವ್ಯಾಪಿಸುತ್ತಿತ್ತು. 1981ರ ಮೇ 11ರಂದು, ತಮ್ಮ 36ನೆಯ ವಯಸ್ಸಿನಲ್ಲಿ, ಮಾರ್ಲಿ ಅಮೆರಿಕದ ಮಯಾಮಿಯಲ್ಲಿ ನಿಧನರಾದರು. ಹುಟ್ಟಿದ ಹಳ್ಳಿಯಲ್ಲೇ ಅವರ ಸಮಾಧಿಯಿದೆ. ಅವರು ನಂಬಿದ್ದ ರಸ್ತಫಾರಿ ಪಂಥದಲ್ಲಿ ಗಾಂಜಾ ಸೇವನೆಯ ರೂಢಿಯಿತ್ತು, ಅವರೂ ಅದಕ್ಕೆ ಹೊರತಾಗಿರಲಿಲ್ಲ. ಅದು ನಮ್ಮ ಮಕ್ಕಳಿಗೆ ಮಾದರಿಯಲ್ಲವೆಂದು ಇಲ್ಲಿ ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಅವರ ಹಾದಿಯಲ್ಲಿ ಅನೇಕರು ನಡೆದರು. ಐವರಿ ಕೋಸ್ಟಿನ ಆಲ್ಫಾ ಬ್ಲಾಂಡಿ ತಮ್ಮ ಸೀಮೆಯ ಜೂಲಾ ಭಾಷೆಯಲ್ಲಿ ರೆಗ್ಗೆ ಹಾಡಿದರು. ದಕ್ಷಿಣ ಆಫ್ರಿಕಾದ ಲಕಿ ಡ್ಯೂಬೆ ವರ್ಣಭೇದದ ವಿರುದ್ಧ ದನಿಯೆತ್ತಿದರು. 2018ರಲ್ಲಿ ಯುನೆಸ್ಕೊ ಜಮೈಕಾದ ರೆಗ್ಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2020ರಲ್ಲಿ ಜಮೈಕಾದ ಕಾಫಿ ಎಂಬ ಹೆಸರಿನ 19 ವರ್ಷದ ಗಾಯಕಿ ಗ್ರ್ಯಾಮಿ ಪ್ರಶಸ್ತಿ ಪಡೆದಳು.

ಈ ದೂರದ ಜೀವನ ನಮಗೇಕೆ ಎಂದು ಪಾಲಕರು ಕೇಳಬಹುದು. 1956ರಲ್ಲಿ ನಮ್ಮ ಸೀಮೆಯ ಕೊಡಂಗಲ್, ತಾಂಡೂರು ತಾಲೂಕುಗಳು ಗುಲ್ಬರ್ಗಾ ಜಿಲ್ಲೆಯಿಂದಲೂ, ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಿಂದಲೂ ಬೇರ್ಪಟ್ಟವು. ಗಡಿ ಬದಲಾದರೂ ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಇಂದು ಪ್ರವೇಶದ ದಿನಗಳಲ್ಲಿ ಕನ್ನಡ ಕಲಿತು ಮಗು ಏನಾದೀತೆಂಬ ಪ್ರಶ್ನೆಯನ್ನು ನಾವು ಪ್ರತಿವರ್ಷ ಎದುರಿಸುತ್ತೇವೆ. ತೆಲುಗು, ಇಂಗ್ಲಿಷ್ ಎರಡೂ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮನೆಮಾತಿಗೆ ನಾಚುವ ಮಗು ಯಾವ ಮಾತಿನಲ್ಲೂ ಗಟ್ಟಿಯಾಗಿ ದನಿಯೆತ್ತಲಾರದೆಂಬುದು ತರಗತಿಯಲ್ಲಿ ನಾವು ಕಂಡ ಸತ್ಯ. ಕೇರಿಯ ಮಾತಿಗೆ ನಾಚದ ಬಡ ಹುಡುಗನೊಬ್ಬನ ಹಾಡನ್ನು ಲೋಕ ಆಲಿಸಿತು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಶಾಲೆಯ ಮಕ್ಕಳೂ ಆ ಧೈರ್ಯವನ್ನು ಪಡೆಯಲಿ ಎಂಬುದು ನಮ್ಮ ಹಾರೈಕೆ.