ಮುದ್ರೆ ಅಸಲಿ, ಅರಸ ನಕಲಿ: ಬೂದಿ ಬಸವಪ್ಪ ನಾಯಕನ ಕತೆ

ಹಂದನಕೆರೆ ಸೀಮೆಯನ್ನು ಆಳಿದ ಹಾಗಲವಾಡಿ ಪಾಳೇಗಾರರ ಕಾಲ ಮುಗಿದು ಇನ್ನೂರು ವರ್ಷದ ಮೇಲಾಯಿತು. ಆದರೂ ಪಕ್ಕದ ಚಿಕ್ಕನಾಯಕನಹಳ್ಳಿಯ ಹೆಸರಲ್ಲೇ ಆ ನಾಯಕ ಉಳಿದುಕೊಂಡಿದ್ದಾನೆ. ರಾಜ್ಯ ಹೋದರೂ ರಾಜಮನೆತನದ ನೆನಪು ಅಷ್ಟು ಬೇಗ ಸಾಯಲ್ಲ. ಈ ನೆನಪನ್ನೇ ಬಂಡವಾಳ ಮಾಡಿಕೊಂಡು 1830ರಲ್ಲಿ ಮಲೆನಾಡಿನಲ್ಲಿ ಒಬ್ಬ ಅರಸನೇ ಆಗಿಬಿಟ್ಟ. ಅವನೇ ಬೂದಿ ಬಸವಪ್ಪ ನಾಯಕ.

ಅಸಲಿ ಹೆಸರು ಸಾದರಮಲ್ಲ. ಚಿನ್ನಿಕಟ್ಟೆ ಕಡೆಯ ಸಾಧಾರಣ ರೈತ ಕುಟುಂಬದವನು. ಮೈಸೂರು ಗೆಜೆಟಿಯರ್ ಹೇಳುವಂತೆ, ಅವನು ಚಿಕ್ಕ ವಯಸ್ಸಿನಲ್ಲೇ ಒಬ್ಬ ಜಂಗಮರ ಸೇವೆಗೆ ಸೇರಿದ. ಹಳೆಯ ಕೆಳದಿ ಅರಸರ ಮುದ್ರೆಗಳು ಆ ಜಂಗಮರ ಬಳಿ ಇದ್ದವು. ಅವರು ತೀರಿಕೊಂಡ ಮೇಲೆ ಮುದ್ರೆಗಳು ಇವನ ಕೈ ಸೇರಿದವು. ತಾನೇ ನಗರ ಸಂಸ್ಥಾನದ ವಾರಸುದಾರ ಅಂತ ಹೇಳಿಕೊಳ್ಳತೊಡಗಿದ. ದರೋಡೆ ಆರೋಪದಲ್ಲಿ ಜೈಲು ಕಂಡವನು, ಆಮೇಲೆ ಕೆನರಾದ ಕಂಪನಿ ನ್ಯಾಯಾಲಯದಿಂದ ರಹದಾರಿ ಪತ್ರ ಪಡೆದ. ಅದರಲ್ಲಿ ಅವನ ಹೆಸರು ನಗರದ ಖಾವಂದ ಬೂದಿ ಬಸವಪ್ಪ. ಹೀಗೆ ಸುಳ್ಳಿಗೆ ಸರ್ಕಾರಿ ಮೊಹರೂ ಬಿತ್ತು.

ಕೆಳದಿಯ ವಿಷಯದಲ್ಲಿ ಇದು ಮೊದಲ ಸಲವೇನಲ್ಲ. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಬಂದಾಗಲೂ, ಸತ್ತನೆಂದು ನಂಬಿದ್ದ ಚನ್ನಬಸವ ನಾಯಕ ನಾನೇ ಅಂತ ಹೇಳಿಕೊಂಡವನೊಬ್ಬ ಜೊತೆಗಿದ್ದ. ಹೈದರ್ ಬಿದನೂರು ಗೆದ್ದ, ರಾಣಿ ವೀರಮ್ಮಾಜಿಯನ್ನು ಮಧುಗಿರಿ ಕೋಟೆಯಲ್ಲಿ ಸೆರೆಯಿಟ್ಟ. ಊರಿಗೆ ನಗರ ಅನ್ನೋ ಹೆಸರು ಬಂದದ್ದೂ ಆಗಲೇ.

ಅದಾಗಿ 67 ವರ್ಷದ ಮೇಲೆ ಜನ ಸಾದರಮಲ್ಲನನ್ನು ಯಾಕೆ ನಂಬಿದರು? ದಡ್ಡರು ಅಂತಲ್ಲ. ಮೈಸೂರಿನಲ್ಲಿ ಆಗ ಶರ್ತು ಪದ್ಧತಿ ಇತ್ತು. ಇಂತಿಷ್ಟು ಕಂದಾಯ ತಂದೇ ತರುತ್ತೇನೆ ಅಂತ ಅಮಲ್ದಾರ ಒಪ್ಪಿಕೊಳ್ಳಬೇಕು, ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು. ಅವನು ಅದನ್ನು ರೈತನ ಮೈಯಿಂದಲೇ ಹಿಂಡುತ್ತಿದ್ದ. ದೂರು ಕೇಳುವವರಿಲ್ಲ. ರೈತರು ಕೂಟ ಕಟ್ಟಿ ಕೂತಿದ್ದ ಹೊತ್ತಿನಲ್ಲಿ ಇವನು ಬಂದ. ಬಾಕಿ ಮನ್ನಾ, ತೆರಿಗೆ ಕಡಿತ ಅಂದ. ರಾಜ್ಯ ಕಳೆದುಕೊಂಡಿದ್ದ ತರೀಕೆರೆ ಪಾಳೇಗಾರ ರಂಗಪ್ಪ ನಾಯಕನೂ ಕೈಜೋಡಿಸಿದ. ಇವರಲ್ಲಿ ಯಾರು ಯಾರನ್ನು ಬಳಸಿಕೊಂಡರು ಅನ್ನೋದು ಬೇರೆ ಮಾತು.

1831ರ ಜೂನ್‌ನಲ್ಲಿ ಕಂಪನಿ ಸೇನೆ ನಗರವನ್ನು ವಶಪಡಿಸಿಕೊಂಡಿತು. ಅದೇ ಅಕ್ಟೋಬರಿನಲ್ಲಿ, ಈ ದಂಗೆಯನ್ನೇ ಕಾರಣವಾಗಿ ತೋರಿಸಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ಕಿತ್ತುಕೊಂಡರು. ಅದು ಮತ್ತೆ ಒಡೆಯರ ಮನೆತನಕ್ಕೆ ಸಿಕ್ಕಿದ್ದು 1881ರಲ್ಲಿ. ನಕಲಿ ಅರಸನ ಆಟಕ್ಕೆ ಅಸಲಿ ಅರಸ ತೆತ್ತ ಬೆಲೆ 50 ವರ್ಷ.

ಬಸವಪ್ಪನನ್ನು ವಂಚಕ ಅಂತ ಬರೆದವರು ಸುಳ್ಳು ಬರೆದಿಲ್ಲ. ಆದರೆ ಅವನು ಹೇಳಿದ್ದರಲ್ಲಿ ವಂಶವಷ್ಟೇ ಸುಳ್ಳು. ಜನರ ಸಂಕಟ ನಿಜವಾಗಿತ್ತು. ಇವತ್ತೂ ವಂಶವೃಕ್ಷ, ತಾಮ್ರಪಟ ಹಿಡಿದು ಗತವೈಭವ ಮಾರೋಕೆ ಬರುವವರಿದ್ದಾರೆ. ಅವರ ದಾಖಲೆ ನೋಡೋದರ ಜೊತೆಗೆ, ಅವರ ಹಿಂದೆ ಹೋಗುವ ಜನ ಯಾವ ಕಚೇರಿಯ ಬಾಗಿಲಿಂದ ಬರಿಗೈಲಿ ವಾಪಸ್ ಬಂದವರು ಅನ್ನೋದನ್ನೂ ವಿಚಾರಿಸಬೇಕು.