ಜೇಬಿನಲ್ಲಿ ಉಳಿದ ಒಂದೇ ನಾಣ್ಯ

ಇವತ್ತು ಒಬ್ಬ ಗಣಿ ಮಾಲೀಕರ ಬಗ್ಗೆ ಹೇಳ್ತೀನಿ. ಹೆಸರು ಡೇವಿಡ್ ಡೇವಿಸ್. 1818ರಲ್ಲಿ ವೇಲ್ಸ್‌ನ ಲ್ಯಾಂಡಿನಮ್ ಅನ್ನೋ ಹಳ್ಳಿಯಲ್ಲಿ ಹುಟ್ಟಿದರು. ಒಂಬತ್ತು ಮಕ್ಕಳಲ್ಲಿ ಹಿರಿಯವರು. 11 ವರ್ಷಕ್ಕೇ ಶಾಲೆ ಬಿಟ್ಟು ಅಪ್ಪನ ಜೊತೆ ಮರ ಕೊಯ್ಯೋಕೆ ನಿಂತರು. ಆಗ ದಿಮ್ಮಿಯನ್ನ ಗುಂಡಿಯ ಮೇಲಿಟ್ಟು ಇಬ್ಬರು ಗರಗಸ ಎಳೀತಿದ್ರು. ಒಬ್ಬ ಮೇಲೆ, ಒಬ್ಬ ಗುಂಡಿಯೊಳಗೆ. ಕೆಳಗಿನವನ ಕಣ್ಣು ಬಾಯಿಗೆಲ್ಲ ಮರದ ಪುಡಿ. ಮೇಲಿನವನಿಗೆ ಟಾಪ್ ಸಾಯರ್ ಅಂತಿದ್ರು. ಇವರಿಗೆ ಆ ಅಡ್ಡಹೆಸರೇ ಅಂಟಿಕೊಂಡಿತು.

1846ರಲ್ಲಿ ಊರಿನ ಸೇತುವೆಗೆ ಅಡಿಪಾಯ ಹಾಕೋ ಗುತ್ತಿಗೆ ಸಿಕ್ತು. ಆಮೇಲೆ ರೈಲು ಮಾರ್ಗಗಳು. ಟ್ಯಾಲರ್ಡಿಗ್‌ನಲ್ಲಿ ಸುಮಾರು 120 ಅಡಿ ಆಳಕ್ಕೆ ಬಂಡೆ ಸೀಳಿ ಹಳಿ ಹಾಕಿಸಿದರು. ಮೆಥಡಿಸ್ಟ್ ಸಭೆಯವರು, ಕುಡಿತ ಮುಟ್ಟಲಿಲ್ಲ, ಭಾನುವಾರ ಕೆಲಸ ಮಾಡಲಿಲ್ಲ.

1864ರಲ್ಲಿ ದುಡಿದದ್ದನ್ನೆಲ್ಲ ರೋಂಡ ಕಣಿವೆಯ ಕಲ್ಲಿದ್ದಲಿನ ಮೇಲೆ ಹಾಕಿದರು. ಅಗೆದರು, ಅಗೆದರು, ಬರೀ ಕಲ್ಲು. ತಿಂಗಳುಗಳು ಕಳೆದವು, ಹಣ ಕರಗಿತು. ಅವರ ಹಳೇ ಪಾಲುದಾರ ಥಾಮಸ್ ಸ್ಯಾವಿನ್ ಅದೇ ಕಾಲಕ್ಕೆ ದಿವಾಳಿಯಾದರು, ನೋಡಿ. ಡೇವಿಸ್ ಕೆಲಸಗಾರರನ್ನ ಕರೆದು, ಇನ್ನು ಕೂಲಿ ಕೊಡೋಕೆ ಆಗಲ್ಲ ಅಂತ ನೇರವಾಗಿ ಹೇಳಿಬಿಟ್ಟರು. ಜೇಬಿನಲ್ಲಿ ಅರ್ಧ ಕ್ರೌನ್ ನಾಣ್ಯ ಒಂದೇ ಉಳಿದಿತ್ತಂತೆ. ಅದನ್ನೂ ಅವರ ಕಡೆಗೇ ಎಸೆದರಂತೆ. ಇದು ಅಲ್ಲಿನ ಜನ ಹೇಳಿಕೊಂಡು ಬಂದ ಮಾತು. ಆ ಕೆಲಸಗಾರರು ಮನೆಗೆ ಹೋಗಲಿಲ್ಲ. ಒಂದು ವಾರ ಕೂಲಿಯಿಲ್ಲದೆ ಅಗೀತೀವಿ ಅಂದರು. ಯೋಚನೆ ಮಾಡಿ: ಸಂಬಳ ಒಂದು ದಿನ ತಡವಾದ್ರೆ ನಮಗೆ ನಿದ್ದೆ ಬರಲ್ಲ! ಈ ಮನುಷ್ಯ ಅವರ ಮುಂದೆ ಹೇಗೆ ನಡೆದುಕೊಂಡಿರಬೇಕು?

1866ರ ಮಾರ್ಚ್‌ನಲ್ಲಿ, ಸುಮಾರು 660 ಅಡಿ ಆಳದಲ್ಲಿ, ಕಲ್ಲಿದ್ದಲು ಸಿಕ್ಕಿತು. ಹಡಗುಗಳಿಗೆ ಬೇಕಾದ ಒಳ್ಳೇ ಉಗಿ ಕಲ್ಲಿದ್ದಲು. ಮುಂದೆ ಅದನ್ನ ಸಾಗಿಸೋಕೆ ಜೊತೆಗಾರರೊಡನೆ ಬ್ಯಾರಿಯಲ್ಲಿ ಬಂದರನ್ನೇ ಕಟ್ಟಿದರು. ಅದು 1889ರಲ್ಲಿ ತೆರೆಯಿತು.

11 ವರ್ಷಕ್ಕೆ ಶಾಲೆ ಬಿಟ್ಟವರು ಅಬರಿಸ್ಟ್‌ವಿತ್ ಕಾಲೇಜಿಗೆ ಕೈಬಿಚ್ಚಿ ಕೊಟ್ಟರು, ಸಭೆಗಳಿಗೂ ಕೊಟ್ಟರು. ಪರಿಪೂರ್ಣರೇನಲ್ಲ. ತಾನು ಮೇಲೆ ಬಂದ ಕಥೆಯನ್ನ ವೇದಿಕೆ ಸಿಕ್ಕಾಗೆಲ್ಲ ಹೇಳಿಕೊಳ್ಳೋ ಚಪಲ ಇತ್ತು, ಪಾರ್ಲಿಮೆಂಟಿನಲ್ಲೂ ಬಿಡಲಿಲ್ಲ. 1886ರ ಚುನಾವಣೆಯಲ್ಲಿ ಬರೀ ಒಂಬತ್ತು ಮತಗಳಿಂದ ಸೋತರು.

1890ರಲ್ಲಿ ತೀರಿಕೊಂಡರು. ಲ್ಯಾಂಡಿನಮ್‌ನಲ್ಲಿ ಅವರ ಪ್ರತಿಮೆ ಇದೆ. ಕೈಯಲ್ಲಿ ಬ್ಯಾರಿ ಬಂದರಿನ ನಕ್ಷೆ. ನಿಂತಿರೋದು ಮಾತ್ರ ಆ ಮೊದಲ ಸೇತುವೆಯ ಪಕ್ಕದಲ್ಲಿ.